ಏಳನೆಯ ಬಟ್ಟಲು

ಔಷಧಿಯ ಎರಡು ಸಿಂಪಡಣೆಗೆ ಒಂದು ರಾತ್ರಿಯ ನಿದ್ದೆ, ಆ ನಿದ್ದೆಗೆ ಮಾರನೆಯ ಮಧ್ಯಾಹ್ನದವರೆಗಿನ ನಾಲಿಗೆಯ ರುಚಿ, ಬೆಲೆ ಇಷ್ಟೇ, ಎಂದುಕೊಳ್ಳುತ್ತಾಳೆ ಅವಳು, ಈಗ ಬೆಳಿಗ್ಗೆ ಹತ್ತು, ಕಿಟಕಿಯ ಬೆಳಕು ಒಂಬತ್ತು ಬಿಳಿ ಬಟ್ಟಲುಗಳ ಮೇಲೆ, ಒಂಬತ್ತು ತೋಟದ ಚಹಾ, ಕೈಯಲ್ಲಿ ಹಿಡಿ ಸವೆದ ಚಮಚ — ಇಪ್ಪತ್ತೆರಡು ವರ್ಷದ ಹಿಂದೆ, ಚಹಾ ರುಚಿ ನೋಡುವ ಈ ಕೆಲಸಕ್ಕೆ ಸೇರಿದಾಗ, ಹಿರಿಯ ರುಚಿಗಾರ ಕೊಟ್ಟದ್ದು, ತಗೋ ಮಗಳೇ, ಇದನ್ನ ಯಾರಿಗೂ ಎರವಲು ಕೊಡ್ಬೇಡ. ಸೊರ್ರನೆ ಹೀರು, ಬಾಯೆಲ್ಲ ಹರಡು, ಉಗುಳು, ಮುಂದಿನದು. ಕಾಲುಗಳು ಸುಮ್ಮನಿವೆ. ಎಷ್ಟು ಕಾಲವಾಯಿತು ಹೀಗೆ ಸುಮ್ಮನಿದ್ದು, ಮೊದಲೆಲ್ಲ ಹೊದಿಕೆಯ ಅಂಚು ತಾಗಿದರೂ ಕೆಂಡ, ಪಾದದಿಂದ ತೊಡೆಗೆ ಓಡುವ ಕೆಂಡ, ಮಲ್ಟಿಪಲ್ ಸ್ಕ್ಲಿರೋಸಿಸ್ ಅಂದಿದ್ದರು ಡಾಕ್ಟರು, ವೈರಿನ ಮೇಲಿನ ರಬ್ಬರು ಸುಲಿದ ಹಾಗಮ್ಮಾ ನಿಮ್ಮ ನರ, ಮಾತ್ರೆಗಳೆಲ್ಲ ಸೋತ ಮೇಲೆ ಈ ಶೀಶೆ, ನಾಲಿಗೆಯ ಕೆಳಗೆ ಸಿಂಪಡಿಸುವ ಗಾಂಜಾ ಗಿಡದ ಸಾರ, ಅಕ್ಕಾ, ಕೊನೆಗೂ ಬೈರಾಗಿ ಆಗ್ಬಿಟ್ಯಲ್ಲೇ, ಎಂದು ತಂಗಿ ಶೀಶೆ ಅಲ್ಲಾಡಿಸುತ್ತ ನಕ್ಕಿದ್ದಳು, ನಕ್ಕದ್ದು ಅಳು ಬಾರದಿರಲೆಂದು, ಅದು ಇಬ್ಬರಿಗೂ ಗೊತ್ತಿತ್ತು. ಬಾಯಿ ರುಚಿ ಕೆಟ್ರೆ ಹೇಳಿ, ಎಂದಿದ್ದರು ಡಾಕ್ಟರು. ಹೇಳಲಿಲ್ಲ. ಹೇಳಿದರೆ ನಿಲ್ಲಿಸಿಬಿಡುತ್ತಾರೆ, ಮತ್ತೆ ಆ ಹೊದಿಕೆ, ಮತ್ತೆ ಆ ಕೆಂಡ — ಆರನೆಯ ಬಟ್ಟಲು ಬಾಯಿಗೆ ಬರೀ ಬಿಸಿನೀರು, ಏಳನೆಯದೂ ಬಿಸಿನೀರು, ಬಣ್ಣ ಮಾತ್ರ ತಾಮ್ರದಂತೆ ತಿಳಿಯಾಗಿದೆ, ಎರಡು ವಾರದಿಂದ ಬಣ್ಣ ನೋಡಿಯೇ ಬರೆಯುತ್ತಿದ್ದಾಳೆ, ಏಳನೆಯದು ಚೆನ್ನಾಗಿದೆ, ಎಂದು ಬರೆದೂ ಆಯಿತು, ಹಿಂದಿನಿಂದ ಬಂದ ಅದೇ ಹಿರಿಯ ರುಚಿಗಾರ ತನ್ನ ಚಮಚ ಅದ್ದಿದ, ಹೀರಿದ, ಉಗುಳಿದ, ಮುಖ ಕಿವುಚಿದ. ಹುಳಿ ತಿರುಗಿದೆಯಲ್ಲಮ್ಮಾ, ನಿನ್ನೆ ಕೆಲಸಕ್ಕೆ ಸೇರಿದೋಳೂ ಹಿಡೀತಿದ್ಲು ಇದನ್ನ. ಅವಳು ಬಟ್ಟಲನ್ನೇ ನೋಡುತ್ತಾಳೆ, ತಾಮ್ರದ ಬಣ್ಣ, ತಿಳಿ ಬಣ್ಣ, ಎಷ್ಟು ದಿನದಿಂದ ಹೀಗೆ, ಅಂದ ಅವನು, ಎರಡು ವಾರ ಅಂದಳು, ಔಷಧಿಯಿಂದ ಅಂದಳು, ಬಿಡೋಕಾಗುತ್ತಾ, ಎಂದು ಅವನು ಕೇಳಿದ್ದು ಬಹಳ ಮೆಲ್ಲಗೆ, ಬೈದಿದ್ದರೆ ವಾಸಿಯಿತ್ತು, ಬಿಡ್ತೀನಿ ಅನ್ನಬೇಕು, ಇಪ್ಪತ್ತೆರಡು ವರ್ಷ, ಅನ್ನು, ಈಗಲೇ ಅನ್ನು — ಹೊದಿಕೆಯ ಅಂಚು ನೆನಪಾಗಿ ಪಾದ ತಾನಾಗಿ ಹಿಂದಕ್ಕೆ ಸರಿಯಿತು. ಇಲ್ಲ, ಅಂದಳು. ಅವನು ಅವಳ ಬೆರಳುಗಳಿಂದ ಚಮಚ ಬಿಡಿಸಿಕೊಂಡು, ತೊಳೆದು, ತನ್ನ ಅಂಗಿಯ ತುದಿಯಲ್ಲಿ ಒರೆಸಿ, ಜೇಬಿಗೆ ಹಾಕಿಕೊಂಡ. ಕಾಲಿನ ಉರಿ ಹೋಗಿದೆ. ನಾಲಿಗೆ ಹೋಗಿದೆ. ಎಂಟನೆಯ ಬಟ್ಟಲು ಆರುತ್ತಿದೆ, ಒಂಬತ್ತನೆಯದೂ ಆರುತ್ತಿದೆ, ಅವಳ ಬೆರಳುಗಳು ಇನ್ನೂ ಮಡಚಿಯೇ ಇವೆ, ಹಿಡಿ ಸವೆದ ಚಮಚ, ಅವನ ಜೇಬಿನ ಅಂಚಿನಲ್ಲಿ ಹೊಳೆಯುವ ಚಮಚ, ಚಮಚ —