ಉಡಿ ತುಂಬಿ ಗಡೀಪಾರು

ಸಾವಂತ್ರೆವ್ವನ ಕೈಗುಣ ಒಳ್ಳೆಯದೆಂದು ಊರೆಲ್ಲ ಹೇಳುತ್ತಿತ್ತು. ತವರಿಗೆ ಹೊರಟ ಹೆಣ್ಣುಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಖಣ ಹಾಕಿ ಉಡಿ ತುಂಬಲು ಆಕೆಯೇ ಬೇಕು. ಅಂಥ ಕೈಯನ್ನು ಪಂಚರು ಹೊಲಸು ಮಾಡಿದರು. ಅವರ ಬಾಯಿಗೆ ಮಣ್ಣು ಬೀಳಲಿ!

ಸಾವಿರದೊಂಬೈನೂರ ಎಂಬತ್ತೈದರ ಬೇಸಿಗೆ. ನವಲಗುಂದದ ಕಡೆಯ ಈ ಊರಿನ ಪಂಚರು ಹೊಸ ಕಟ್ಟಳೆ ತಂದರು. ಹೊಡೆತ ಬಡಿತ ಬೇಡವಂತೆ, ದಂಡ ಬೇಡವಂತೆ. ಎದುರು ಮಾತಾಡಿದ ಹೆಂಗಸನ್ನು ಗುಡಿಯ ಮುಂದೆ ಮಣೆಯ ಮೇಲೆ ಕೂರಿಸಿ, ಮುತ್ತೈದೆಯ ಕೈಯಿಂದ ಉಡಿ ತುಂಬಿಸಿ, ಊರ ಹೊರಗೆ ಬಿಟ್ಟು ಬರುವುದು. ಹೋದವಳು ತಿರುಗಿ ಬರುವ ಹಾಗಿಲ್ಲ. ಉಡಿ ಬೇಡವೆಂದರೆ ದೇವಿಯನ್ನೇ ಬೇಡವೆಂದಂತೆ, ಹಾಗಾಗಿ ಯಾರೂ ಬೇಡವೆನ್ನಲಿಲ್ಲ. ಪಂಚರ ದನ ನನ್ನ ಜೋಳ ಮೇದವು ಎಂದದ್ದಕ್ಕೆ ಮೊದಲು ರಹೀಮಾಬಿ ಹೋದಳು; ಉಡಿ ತುಂಬಿದ್ದು ಸಾವಂತ್ರೆವ್ವನ ಕೈಯೇ. "ಊರ ಮಗಳನ್ನ ಮರ್ಯಾದಿಲೆ ಕಳಿಸೇವಿ" ಎಂದು ಪಂಚರು ಮೀಸೆ ತಿರುವಿದರು. ಎಂಥ ಮರ್ಯಾದೆ, ಥೂ!

ಈಗ ಸಾವಂತ್ರೆವ್ವನ ಸ್ವಂತ ಸೊಸೆ ಫಕೀರವ್ವನ ಸರದಿ. ಕೆರೆಯ ನೀರನ್ನು ಮೊದಲು ಪಂಚರ ಮನೆಯವರೇ ತುಂಬಬೇಕು ಎಂದು ಪಂಚರು ಸಾರಿದಾಗ, "ಯಾಕ್ರಿ, ನಮ್ಮ ಮಕ್ಕಳಿಗೆ ನೀರಡಿಕಿ ಆಗೂದಿಲ್ಲೇನು?" ಎಂದು ಕೇಳಿದ್ದಳು, ಅಷ್ಟೇ. ಗಂಡ ಹತ್ತಿ ಹೇರಿಕೊಂಡು ಹುಬ್ಬಳ್ಳಿಗೆ ಹೋಗಿದ್ದ. ಹೆತ್ತವರು ಸತ್ತು ತವರೆಂಬುದೇ ಇರಲಿಲ್ಲ. ಊರು ಬಿಟ್ಟರೆ ಬಯಲೇ ಆಕೆಗೆ ಗತಿ.

"ಏಳವಾ ಸಾವಂತ್ರೆವ್ವಾ, ಹೊತ್ತಾಗತೈತಿ" ಎಂದ ಹಿರಿಯ ಪಂಚ ಕರಿಸಿದ್ದಪ್ಪ.

ಮಣೆಯ ಮೇಲೆ ಫಕೀರವ್ವ ಸೆರಗೊಡ್ಡಿ ಕೂತಿದ್ದಳು. ಪಂಚರ ಸಾಲಿನಲ್ಲಿ ಸಾವಂತ್ರೆವ್ವನ ಗಂಡ ಹುಚ್ಚಪ್ಪನೂ ರುಮಾಲು ಸುತ್ತಿಕೊಂಡು ಕೂತಿದ್ದ.

"ನಿಮ್ಮ ಸೊಸಿ ಅದಾಳ. ಏನರ ಅನ್ರಿ" ಎಂದಳು ಆಕೆ ಗಂಡನಿಗೆ.

"ಪಂಚರ ಮಾತು ಮೀರಾಕ ಬರೂದಿಲ್ಲ. ಸುಮ್ನ ತುಂಬು" ಎಂದ ಹುಚ್ಚಪ್ಪ, ನೆಲ ನೋಡುತ್ತ.

ಸಾವಂತ್ರೆವ್ವನ ಮೈಯೆಲ್ಲ ಉರಿದುಹೋಯಿತು. ಇಂಥವನ ಹೆಸರಿನಲ್ಲಿ ಇಷ್ಟು ವರ್ಷ ಕುಂಕುಮ ಹಚ್ಚಿಕೊಂಡೆನಲ್ಲ! ಅಕ್ಕಿಯ ಬುಟ್ಟಿ ಕೆಳಗಿಟ್ಟು, ಗುಡಿಕಟ್ಟೆಯ ಕಲ್ಲಿಗೆ ಎರಡೂ ಕೈ ಬಡಿದಳು. ಹಸಿರು ಬಳೆ ಚೂರುಚೂರಾದವು. ಸೆರಗಿನಿಂದ ಹಣೆಯ ಕುಂಕುಮವನ್ನೂ ಒರೆಸಿಬಿಟ್ಟಳು.

"ಏ ಹುಚ್ಚೀ, ಗಂಡ ಇನ್ನೂ ಬದುಕ್ಯಾನ!" ಎಂದು ಕರಿಸಿದ್ದಪ್ಪ ಚೀರಿದ.

"ಎಲ್ಲಿ ಬದುಕ್ಯಾನ? ಜೀವ ಇದ್ದಿದ್ರ ಮಾತಾಡತಿದ್ದ. ಉಡಿ ತುಂಬಾಕ ಮುತ್ತೈದಿನ ಬೇಕಲ್ಲ? ನಾ ಮುತ್ತೈದಿ ಅಲ್ಲ. ಬ್ಯಾರೆದಾಕಿನ್ನ ಹುಡುಕ್ಕೋರಿ!"

ಪಂಚರು ಬಾಜೂಮನೆಯ ದುರಗವ್ವನ ಕಡೆ ತಿರುಗಿದರು. ದುರಗವ್ವ, ಪಂಚರ ನಡುವೆ ಕೂತ ತನ್ನ ಗಂಡನನ್ನು ಒಮ್ಮೆ ನೋಡಿದಳು. ಅವನೂ ನೆಲ ನೋಡುತ್ತಿದ್ದ. ಆಕೆಯೂ ಹೋಗಿ ಕಲ್ಲಿಗೆ ಕೈ ಬಡಿದಳು. ಆಮೇಲೆ ಉಳಿದ ಹೆಂಗಸರು ಯಾರೂ ಕರೆಯುವವರೆಗೆ ಕಾಯಲಿಲ್ಲ, ತಾವೇ ಹೋಗಿ ಬಳೆ ಒಡೆದುಕೊಂಡರು. ಉಡಿ ತುಂಬಲು ಮುತ್ತೈದೆಯೇ ಉಳಿಯಲಿಲ್ಲ. ಉಡಿ ತುಂಬದೆ ಕಳಿಸುವ ಹಾಗಿಲ್ಲ, ಪಂಚರದೇ ಕಟ್ಟಳೆ. ಸಾವಂತ್ರೆವ್ವ ಸೊಸೆಯ ರಟ್ಟೆ ಹಿಡಿದೆಬ್ಬಿಸಿ ಮನೆಗೆ ಕರೆದುಕೊಂಡು ಹೋದಳು.

ಮಧ್ಯಾಹ್ನ ಹುಚ್ಚಪ್ಪ ಬಂದು, ಏನೂ ಆಗಿಲ್ಲವೆಂಬಂತೆ ಕಾಲು ತೊಳೆದು, ಒಲೆಯ ಮುಂದೆ ಕೂತ.

"ಹಸಿವಾಗೇತಿ. ರೊಟ್ಟಿ ಹಾಕು."

ಸಾವಂತ್ರೆವ್ವ ಬಿಸಿ ರೊಟ್ಟಿಯನ್ನು ಸೊಸೆಯ ತಾಟಿಗೆ ಹಾಕಿದಳು. ಅವನ ಕಡೆ ತಿರುಗಲೂ ಇಲ್ಲ.

"ಅಮಾಸಿ ತನಕ ತಡೀರಿ. ಸತ್ತವರಿಗೆ ಅವತ್ತ ಎಡಿ ಇಡತೇವಿ."