ಮೂರೆಲೆಯ ಸಸಿ

ಎರಡು ದಿನ. ಬರೀ ಎರಡು ದಿನ ರಜೆ ಹಾಕಿದ್ದೆ, ಅಮ್ಮನ ಕಣ್ಣಿನ ಪೊರೆ ತೆಗೆಸಲು. ಹಿಂದಿರುಗಿ ಗಾಜಿನ ಮನೆಯ ಬಾಗಿಲು ತೆಗೆದರೆ ನನ್ನ ಕಿತ್ತಳೆ ಸಸಿಗಳೆಲ್ಲ ಪ್ರಾರ್ಥನೆಗೆ ನಿಂತ ಶಾಲೆ ಮಕ್ಕಳ ಹಾಗೆ ಸಾಲಾಗಿ, ಒಂದೇ ಎತ್ತರಕ್ಕೆ ನಿಂತಿದ್ದವು.

“ಮೆಣಸಿನಣ್ಣಾ, ಸೊಟ್ಟ ಸಸಿಗಳೆಲ್ಲ ಎಲ್ಲಿ?”

ಮೆಣಸಿನಣ್ಣ ನಮ್ಮ ಹೊಸ ಮಾಲಿ. ಇಪ್ಪತ್ತು ವರ್ಷ ಇದೇ ಸಂಶೋಧನಾ ಕೇಂದ್ರದ ಮೆಣಸಿನಕಾಯಿ ವಿಭಾಗದಲ್ಲಿದ್ದು ಹಿಂದಿನ ವಾರವಷ್ಟೇ ನಮ್ಮಲ್ಲಿಗೆ ಬಂದವರು. ಹೆಸರು ಅವರದು, ಖಾರ ಮಾತ್ರ ನನ್ನದು ಎಂದು ಕಚೇರಿಯವರೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

“ಕಿತ್ತು ಹಾಕ್ದೆ ಮೇಡಂ,” ಎಂದರು ಹೆಮ್ಮೆಯಿಂದ. “ಬಡಕಲಾಗಿದ್ವು. ಕೆಲವಕ್ಕಂತೂ ಎಲೆ ಮೂರು ಮೂರಾಗಿ ಸೀಳಿತ್ತು. ರೋಗ ಹರಡೀತು ಅಂತ ಮೊದಲು ಅವನ್ನೇ ಕಿತ್ತೆ.”

ಅಯ್ಯೋ ನನ್ನ ಕರ್ಮವೇ!

ಕಿತ್ತಳೆ ಬೀಜದ ಸಂಸಾರವೇ ವಿಚಿತ್ರ. ಒಂದು ಬೀಜದಿಂದ ಮೂರೋ ನಾಲ್ಕೋ ಸಸಿ ಏಳುತ್ತವೆ. ದಷ್ಟಪುಷ್ಟವಾಗಿ ಬರುವುದೆಲ್ಲ ಸಾಮಾನ್ಯವಾಗಿ ತಾಯಿಯ ಪಡಿಯಚ್ಚು, ತಂದೆಗೂ ಅದಕ್ಕೂ ಸಂಬಂಧವೇ ಇಲ್ಲ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎನ್ನುವುದು ನಮ್ಮ ಕೆಲಸದಲ್ಲಿ ಗಾದೆಯಲ್ಲ, ಪೀಡೆ. ಅಪ್ಪ ಅಮ್ಮ ಇಬ್ಬರಿಗೂ ಹುಟ್ಟಿದ್ದು ಮೂಲೆಯಲ್ಲಿ ಸೊರಗಿ ನಿಂತಿರುತ್ತದೆ. ನಾನು ತಂದೆಯಾಗಿ ಆರಿಸಿದ್ದು ರೋಗಕ್ಕೆ ಬಗ್ಗದ, ಮೂರೆಲೆಯ ಒಂದು ಮುಳ್ಳುಗಿಡ. ಯಾವ ಸಸಿಗೆ ಮೂರೆಲೆ ಬಂತೋ ಅದೇ ನನ್ನ ಹೊಸ ತಳಿ. ನೂರಾ ಅರವತ್ತು ಸಸಿಯಲ್ಲಿ ಅಂಥವು ಬಂದದ್ದು ಒಂಬತ್ತು.

ಬೀಜದಿಂದ ಬೆಳೆದ ಕಿತ್ತಳೆ ಹೂ ಬಿಡಲು ಏಳೆಂಟು ವರ್ಷ ಬೇಕು. ನನ್ನ ನಿವೃತ್ತಿಗೆ ಉಳಿದಿದ್ದು ನಾಲ್ಕು. ಇಪ್ಪತ್ತಾರು ವರ್ಷ ದುಡಿದರೂ ನಾನೇ ಮಾಡಿದ ತಳಿಯ ಒಂದು ಹಣ್ಣನ್ನೂ ಬಾಯಿಗೆ ಹಾಕಿಕೊಂಡಿರಲಿಲ್ಲ. ಒಮ್ಮೆ ಗೆದ್ದಲು ತಿಂದಿತು, ಒಮ್ಮೆ ತೋಟದ ಮೇಲೆ ರಸ್ತೆ ಬಂತು. ಅದಕ್ಕೇ ಈ ಅವಸರದ ಉಪಾಯ: ಬೆಚ್ಚಗಿನ ಗಾಜಿನ ಮನೆಯಲ್ಲಿ ಕೊಂಬೆ ಒಡೆಯಲು ಬಿಡದೆ, ಸಸಿಯನ್ನು ಒಂದೇ ಕಡ್ಡಿಯಾಗಿ ಮೇಲಕ್ಕೆ ಓಡಿಸಿ, ಅದರ ತುದಿಯನ್ನು ಬೇರೆ ಗಿಡಕ್ಕೆ ಕಸಿ ಕಟ್ಟುವುದು. ನಾಲ್ಕನೇ ವರ್ಷಕ್ಕೆ ಹಣ್ಣು ಸಿಗಬಹುದು. ಸಿಗಬಹುದು, ಅಷ್ಟೇ.

“ಕೀಳೋಕೆ ಯಾರ್ರೀ ಹೇಳಿದ್ದು ನಿಮಗೆ?” ಎಂದು ಕೂಗಿದೆ.

“ಕೀಳಬೇಡಿ ಅಂತ ಯಾರು ಹೇಳಿದ್ರು ಮೇಡಂ? ಮೆಣಸಿನಲ್ಲಿ ಬಡಕಲು ಸಸಿ ಬಿಟ್ರೆ ಬೈತಿದ್ರು. ಇಲ್ಲಿ ಕಿತ್ರೆ ಬೈತೀರಿ. ನಾನೇನು ಕನಸು ಕಾಣ್ಬೇಕಿತ್ತಾ?”

ತಳಿ ಅಭಿವೃದ್ಧಿಗೆ ವೇಗ ಕೊಡುವುದು ಹೇಗೆ ಎಂದು ನಿರ್ದೇಶಕರಿಗಾಗಿ ವಾರವಿಡೀ ಕೂತು ನಲವತ್ತು ಪುಟ ಬರೆದಿದ್ದೆ. ಸಸಿ ಮುಟ್ಟುವ ಮನುಷ್ಯನಿಗೆ ಒಂದು ಮಾತೂ ಹೇಳಿರಲಿಲ್ಲ. ತಪ್ಪು ನನ್ನದೇ ಎಂದು ಗೊತ್ತಾದ ಮೇಲೆ ಸಿಟ್ಟು ಇನ್ನೂ ಜಾಸ್ತಿಯಾಯಿತು.

ಇಬ್ಬರೂ ಗೊಬ್ಬರದ ಗುಂಡಿಗೆ ಇಳಿದೆವು.

“ಇದಾ ಮೇಡಂ?”

“ಅಲ್ಲ.”

“ಇದು?”

“ಕಣ್ಣು ಕಾಣ್ಸಲ್ವೇನ್ರೀ? ಅದು ಟೊಮ್ಯಾಟೊ!”

ಒಂಬತ್ತೂ ಸಿಕ್ಕವು. ಎಂಟು ಒಣಗಿ ತರಗಾಗಿದ್ದವು. ಒದ್ದೆ ಗೋಣಿಚೀಲದ ಕೆಳಗೆ ಸಿಕ್ಕಿದ ಒಂದರಲ್ಲಿ ಮಾತ್ರ ಹಸಿರು ಉಳಿದಿತ್ತು.

“ಬೇರಲ್ಲಿ ಮಣ್ಣಿದೆ, ಬದುಕುತ್ತೆ,” ಎಂದರು ಮೆಣಸಿನಣ್ಣ.

“ನೀವು ಸುಮ್ನಿರಿ.”

ಬದುಕಿತು. ಬದುಕಿಸಿದ್ದು ಅವರೇ. ನೀರು ಹೆಚ್ಚಾಯಿತು, ಬಿಸಿಲು ಕಡಿಮೆಯಾಯಿತು, ಕಟ್ಟಿದ ದಾರ ಬಿಗಿಯಾಯಿತು ಎಂದು ನಾಲ್ಕು ವರ್ಷವೂ ನಾನು ಬೈಯುತ್ತಲೇ ಇದ್ದೆ. ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ ಅವರು ಕೇಳಿಸಿಕೊಂಡು ತಮ್ಮ ಕೆಲಸ ಮಾಡುತ್ತಿದ್ದರು.

ನಿವೃತ್ತಿಗೆ ಹನ್ನೆರಡು ದಿನ ಇರುವಾಗ ಮೊದಲ ಹಣ್ಣು ಬಣ್ಣಕ್ಕೆ ತಿರುಗಿತು. ಸಸಿ ಹಾಕುವ ಮೇಜಿನ ಮೇಲೆ ಕಸಿ ಚಾಕುವಿನಿಂದಲೇ ಕೊಯ್ದೆ. ಒಂದು ತೊಳೆ ಬಾಯಿಗಿಟ್ಟೆ.

ಥೂ! ಕಹಿ ಎಂದರೆ ಕಹಿ. ಹಾಗಲಕಾಯಿ ನಾಚಬೇಕು.

“ಇದಕ್ಕಾ ಮೂವತ್ತು ವರ್ಷ!” ಎಂದು ಸ್ಟೂಲಿನ ಮೇಲೆ ಕುಸಿದೆ. ಅಳು ಬಂತು. ಅವರೆದುರು ಅಳುವುದಕ್ಕೆ ನಾಚಿಕೆಯೂ ಆಯಿತು, ಆದರೂ ಅತ್ತೆ.

ಮೆಣಸಿನಣ್ಣ ತಮ್ಮ ಪಾಲಿನ ತೊಳೆಯನ್ನು ಉಗುಳಲಿಲ್ಲ. ಕಣ್ಣು ಕಿರಿದು ಮಾಡಿಕೊಂಡು ಪೂರ್ತಿ ನುಂಗಿದರು.

“ತಾಯಿ ಮರದ ಹಣ್ಣು ತಿಂದಿದೀನಿ. ಸಕ್ಕರೆ. ಇದು ಅದಲ್ಲ, ಅಲ್ವಾ ಮೇಡಂ?”

“ಅಲ್ಲ.”

“ಹಾಗಾದ್ರೆ ಹೊಸದೇ ಆಯ್ತಲ್ಲ.”

ನಾನು ಮೂಗು ಒರೆಸಿಕೊಂಡೆ. ಅವರು ಉಳಿದ ತೊಳೆಗಳಿಂದ ಬೀಜಗಳನ್ನು ಒಂದೊಂದಾಗಿ ಬಿಡಿಸಿ ಒದ್ದೆ ಕಾಗದದ ಮೇಲೆ ಇಟ್ಟರು. ಒಟ್ಟು ಹನ್ನೊಂದು.

“ನನಗಿನ್ನೂ ಆರು ವರ್ಷ ಸರ್ವೀಸಿದೆ. ಇವನ್ನ ನಾಳೆ ಹಾಕ್ತೀನಿ,” ಎಂದರು. “ಯಾವುದನ್ನ ಕೀಳಬಾರದು, ಈ ಸಲ ಮೊದಲೇ ಹೇಳಿ ಹೋಗಿ.”

ಕೂಗದೆ, ಎರಡೆರಡು ಸಲ ಹೇಳಿದೆ.