ಮಡಿಚಿದವಳ ತಪ್ಪು

ಡೆಲ್ಬರ್ಟ್ ನೂನನ್‌ನ ಮೇಜಿನ ಮೇಲೆ ಮೂರು ವಿಸ್ಕಿ ಬಾಟಲಿಗಳಿದ್ದವು. ಮೂರೂ ನನ್ನ ರೆಕ್ಕೆಯ ದಯೆ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಪ್ಯಾರಾಚೂಟ್ ಯಾರದಾದರೂ ಜೀವ ಉಳಿಸಿದರೆ, ಬದುಕಿ ಬಂದವನು ಅದನ್ನು ಮಡಿಚಿದವನಿಗೆ ಒಂದು ಬಾಟಲಿ ತಂದುಕೊಡಬೇಕು. ಡೆಲ್ಬರ್ಟ್ ಮಡಿಚುತ್ತಿದ್ದದ್ದು ಪೈಲಟ್‌ನ ಬೆನ್ನಿಗೆ ಕಟ್ಟುವ ದುಂಡನೆಯ ಪ್ಯಾರಾಚೂಟ್. ನಾನು, ಅಂದರೆ ವರ್ನಾ ಸ್ಟಾಲ್‌ಕಪ್, ಮಡಿಚುತ್ತಿದ್ದದ್ದು ರೆಕ್ಕೆ. ನನ್ನ ರೆಕ್ಕೆ ಆಕಾಶದಲ್ಲಿ ಕೈಕೊಟ್ಟಾಗಲೆಲ್ಲ ಪೈಲಟ್ ಕ್ಲೀಟ್ ಹ್ಯಾವರ್ಟಿ ಸೀಟು ಸಿಡಿಸಿಕೊಂಡು ಹೊರಗೆ ಹಾರುತ್ತಿದ್ದ, ಡೆಲ್ಬರ್ಟ್‌ನ ಪ್ಯಾರಾಚೂಟ್ ಬಿಚ್ಚಿಕೊಳ್ಳುತ್ತಿತ್ತು, ಸಂಜೆಗೆ ಡೆಲ್ಬರ್ಟ್‌ಗೆ ಬಾಟಲಿ ಬರುತ್ತಿತ್ತು. ಹೀಗೆ ಮೂರು ಸಲ. ನಾಲ್ಕನೆಯದಕ್ಕೆ ಆ ಪಾಪಿ ಮೇಜು ಒರೆಸಿ ಜಾಗ ಬೇರೆ ಮಾಡಿಟ್ಟಿದ್ದ.

ರೆಕ್ಕೆ ಎಂದರೆ ವಿಮಾನದ ಲೋಹದ ರೆಕ್ಕೆಯಲ್ಲ, ಬಟ್ಟೆಯದು. ವರ್ಜೀನಿಯಾದಲ್ಲಿ ರೊಗಾಲೊ ಎಂಬ ಎಂಜಿನಿಯರ್ ಮತ್ತು ಅವರ ಹೆಂಡತಿ ಸೇರಿ ಮನೆಯಲ್ಲೇ, ಅಡುಗೆಮನೆಯ ಪರದೆಯನ್ನು ಕತ್ತರಿಸಿ ಹೊಲಿದು ಮೊದಲನೆಯದನ್ನು ಮಾಡಿದ್ದರಂತೆ. ಅದಕ್ಕೆ ಆಕಾರ ಕೊಡುವುದು ಗಾಳಿಯೇ. ಬೇಡವಾದಾಗ ಮಡಿಚಿ ಚೀಲಕ್ಕೆ ತುಂಬಬಹುದು. ವರ್ಷಗಟ್ಟಲೆ ಅದನ್ನು ಕೇಳುವವರೇ ಇರಲಿಲ್ಲ. ಆಮೇಲೆ ರಷ್ಯದವರು ಆಕಾಶಕ್ಕೆ ಬೀಪ್ ಬೀಪ್ ಅನ್ನುವ ಚೆಂಡೊಂದನ್ನು ಎಸೆದರು, ನಮ್ಮವರ ನಿದ್ದೆ ಹಾರಿಹೋಯಿತು, ಮನುಷ್ಯರನ್ನು ಮೇಲಕ್ಕೆ ಕಳಿಸುವ ತರಾತುರಿ ಶುರುವಾಯಿತು. ಮೇಲೆ ಹೋದವರು ಕೆಳಗೆ ಬರಬೇಕಲ್ಲ? ಪ್ಯಾರಾಚೂಟ್ ಕಟ್ಟಿ ಸಮುದ್ರಕ್ಕೆ ಬೀಳಿಸಿದರೆ ಗಗನಯಾತ್ರಿ ಅಲೆಯ ಮೇಲೆ ವಾಂತಿ ಮಾಡಿಕೊಳ್ಳುತ್ತ, ನೌಕಾಪಡೆಯವರು ಯಾವಾಗ ಬಂದಾರೆಂದು ಕಾಯುತ್ತ ಕೂರಬೇಕು. ಅದರ ಬದಲು ನೌಕೆಯ ನೆತ್ತಿಯಿಂದ ರೆಕ್ಕೆ ಬಿಚ್ಚಿಕೊಂಡರೆ, ತನಗೆ ಬೇಕಾದ ಕಡೆ ಒಣನೆಲದ ಮೇಲೆ ಮರ್ಯಾದೆಯಿಂದ ಇಳಿಯಬಹುದು. ಯೋಚನೆ ಇಷ್ಟೇ. ಗಂಡಹೆಂಡತಿ ಒಂದು ಪರದೆಯಲ್ಲಿ ಹಾರಿಸಿ ತೋರಿಸಿದ್ದನ್ನು ನಾವು ಕೋಟಿಗಟ್ಟಲೆ ಡಾಲರ್ ಸುರಿದು ಹಾರದಂತೆ ಮಾಡಿಕೊಂಡಿದ್ದೆವು.

ಮೊಹಾವಿ ಮರುಭೂಮಿಯ ಒಣಕೆರೆಯ ಅಂಚಿನಲ್ಲಿ ನಮ್ಮ ತಗಡಿನ ಶೆಡ್ಡು. ಸಾವಿರದ ಒಂಬೈನೂರ ಅರವತ್ನಾಲ್ಕರ ಆಗಸ್ಟ್. ಒಂದು ಸೋಮವಾರ ನಮ್ಮ ಮುಖ್ಯಸ್ಥ ಪಾಮರಾಯ್ ಬಂದು ಕಾಗದ ಓದಿದರು: ರೆಕ್ಕೆಯ ಕೆಲಸ ಮುಗಿಯಿತು, ಗಗನನೌಕೆಗಳು ಸಮುದ್ರಕ್ಕೇ ಬೀಳುತ್ತವೆ, ಹೊಲಿದಿಟ್ಟ ಒಂದು ರೆಕ್ಕೆ ಉಳಿದಿರುವುದರಿಂದ ಶುಕ್ರವಾರ ಕೊನೆಯ ಸಲ ಹಾರಿಸಿ ಬಾಗಿಲು ಹಾಕಿಕೊಳ್ಳಿ. ಅಷ್ಟು ಹೇಳಿ ಅವರು ತಮ್ಮ ವರದಿಯ ಕರಡನ್ನು ನನ್ನ ಮುಂದೆ ಇಟ್ಟರು. ಓದಿ ನನಗೆ ಮೈ ಉರಿಯಿತು.

"ಇದೇನ್ ಸಾರ್ ಇದು, 'ವೈಫಲ್ಯಕ್ಕೆ ಮುಖ್ಯ ಕಾರಣ ಮಡಿಕೆಯ ದೋಷ' ಅಂತ?"

"ಏನಾದ್ರೂ ಒಂದು ಕಾರಣ ಬರೀಬೇಕಲ್ಲಮ್ಮ ವರ್ನಾ. ನಮ್ಮ ಲೆಕ್ಕ ಎಲ್ಲಾ ಸರಿಯಾಗೇ ಇದೆ."

"ಲೆಕ್ಕ ಸರಿಯಾಗಿದ್ರೆ ರೆಕ್ಕೆ ಯಾಕ್ ಬಿಚ್ಕೊಳ್ಳಲ್ಲ?"

"ಅದಕ್ಕೇ ಮಡಿಕೆ ಅಂತ ಬರ್ದಿರೋದು."

ಗೂಬೆ ಕೂರಿಸಲು ಅವರಿಗೆ ಸಿಕ್ಕಿದ್ದು ನನ್ನ ತಲೆಯೇ. ಯುದ್ಧದ ಕಾಲದಿಂದ ಇಪ್ಪತ್ತೆರಡು ವರ್ಷ ಬಟ್ಟೆ ಮಡಿಚಿದ್ದೇನೆ. ನಾನು ಮಡಿಚಿದ್ದರ ಕೆಳಗೆ ಒಬ್ಬನೂ ಸತ್ತಿಲ್ಲ. ಆ ಒಂದು ಸಾಲು ಹೊರಬಿದ್ದರೆ ಈ ದೇಶದಲ್ಲಿ ಯಾರೂ ನನಗೆ ಒಂದು ಪ್ಯಾರಾಚೂಟನ್ನೂ ಮುಟ್ಟಲು ಬಿಡುವುದಿಲ್ಲ. ನನ್ನ ಹತ್ತಿರ ಇದ್ದದ್ದು ಆ ಹೆಸರೊಂದೇ. ಗಂಡ ಮೊದಲೇ ಓಡಿಹೋಗಿದ್ದ, ಅದು ಬೇರೆ ಮಾತು, ಪೀಡೆ ತೊಲಗಿತ್ತು.

"ಶುಕ್ರವಾರ ರೆಕ್ಕೆ ಸರಿಯಾಗಿ ಇಳಿದ್ರೆ?" ಎಂದೆ.

"ಇಳಿದ್ರೆ ಆ ಸಾಲು ಹೊಡೆದುಹಾಕ್ತೀನಿ," ಎಂದರು ಪಾಮರಾಯ್. ಮನುಷ್ಯ ಕೆಟ್ಟವರಲ್ಲ. ಮೇಲಿನವರಿಗೆ ಹೆದರುತ್ತಿದ್ದರು, ಅಷ್ಟೇ.

ಮೂರು ದಿನ ಮಡಿಚಿದೆ. ರೆಕ್ಕೆಯ ಎಲುಬು ಎಂದರೆ ಮೂರು ಉದ್ದನೆಯ ಬಟ್ಟೆಯ ಕೊಳವೆಗಳು. ಮೇಲೆ ಹೋದಾಗ ಅವುಗಳಲ್ಲಿ ಅನಿಲ ತುಂಬಿಕೊಂಡು ಸೆಟೆದು ನಿಲ್ಲಬೇಕು. ಒಂದು ಕಡೆ ತಿರುಚಿಕೊಂಡರೂ ಕಥೆ ಮುಗಿಯಿತು. ಪ್ರತಿ ಮಡಿಕೆಯನ್ನೂ ಬಿಚ್ಚಿ, ಸವರಿ, ಮತ್ತೆ ಮಡಿಚಿದೆ. ಡೆಲ್ಬರ್ಟ್ ಕಾಫಿ ಹೀರುತ್ತ ಮೇಜಿನ ಸುತ್ತ ಸುಳಿದಾಡುತ್ತಿದ್ದ.

"ಚೆನ್ನಾಗಿ ಇಸ್ತ್ರಿ ಮಾಡು ಮಾರಾಯ್ತಿ. ಹಾರದೆ ಇದ್ರೆ ಕಿಟಕಿ ಪರದೆಗಾದ್ರೂ ಆಗುತ್ತೆ."

"ಬಾಯಿ ಮುಚ್ಕೊಂಡು ನಿನ್ನ ಛತ್ರಿ ಮಡಚ್ಕೋ ಹೋಗು."

"ನನ್ನ ಛತ್ರಿ ಬಿಚ್ಕೊಳ್ಳುತ್ತಮ್ಮ. ಬೇಕಾದ್ರೆ ಬಾಟಲಿ ಎಣಿಸ್ಕೋ."

ಗುರುವಾರ ಮಧ್ಯಾಹ್ನ ಕ್ಲೀಟ್ ಬಂದು ನನ್ನ ಮೇಜಿನ ಮೇಲೇ ಹತ್ತಿ ಕುಳಿತ. ಮೂವತ್ತೆಂಟು ವಯಸ್ಸಾದರೂ ಹಟ ಮಾತ್ರ ಕತ್ತೆಯದು.

"ಇಳಿಯೋ ಕೆಳಗೆ, ಸುಕ್ಕಾಗುತ್ತೆ," ಎಂದೆ.

"ವರ್ನಾ, ಸೀಟು ಸಿಡಿದಾಗಲೆಲ್ಲ ನಾನು ಅರ್ಧ ಇಂಚು ಕುಳ್ಳ ಆಗ್ತಿದೀನಿ. ನಾಳೆ ಏನೇ ಆದ್ರೂ ಹೊರಗೆ ಹಾರಲ್ಲ. ಇದ್ರ ಜೊತೆನೇ ಇಳೀತೀನಿ."

"ಹತ್ತು ಸಾವಿರ ಅಡಿಗೆ ಬರೋದ್ರೊಳಗೆ ಬಿಚ್ಕೊಳ್ದಿದ್ರೆ ಹಾರಲೇಬೇಕು. ನಿಯಮ ಇದೆ."

"ನಿಯಮ ಪಾಮರಾಯ್‌ಗಿರಲಿ. ನೀನು ಮಡಿಚಿದೀಯ ತಾನೆ? ನಂಗಷ್ಟು ಸಾಕು."

ನನಗೆ ಖುಷಿಯಾಯಿತು. ಸುಳ್ಳೇಕೆ ಹೇಳಲಿ, ತುಂಬ ಖುಷಿಯಾಯಿತು. ಅವನನ್ನು ಬೈಯಬೇಕಾಗಿತ್ತು, ಬೈಯಲಿಲ್ಲ.

ಶುಕ್ರವಾರ ಬೆಳಿಗ್ಗೆ ದೊಡ್ಡ ವಿಮಾನವೊಂದು, ಗಗನನೌಕೆಯ ಅಳತೆಗೆ ಮಾಡಿದ, ಕ್ಲೀಟ್ ಕುಳಿತಿದ್ದ ಉಕ್ಕಿನ ಡಬ್ಬಿಯನ್ನು ಮೂವತ್ತು ಸಾವಿರ ಅಡಿಯಿಂದ ಕೆಳಕ್ಕೆ ಬಿಟ್ಟಿತು. ಕೆರೆಯ ಮಧ್ಯೆ ಟ್ರಕ್ಕಿನ ಪಕ್ಕದಲ್ಲಿ ನಾವು ಕತ್ತೆತ್ತಿ ನಿಂತಿದ್ದೆವು. ಪಾಮರಾಯ್ ಕೈಯಲ್ಲಿ ರೇಡಿಯೊದ ಮೈಕು, ಅದರ ಹಿಂದೆ ಎಲ್ಲ ಮಾತನ್ನೂ ಹಿಡಿದಿಡುತ್ತ ತಿರುಗುವ ಟೇಪು. ಡೆಲ್ಬರ್ಟ್‌ನ ಕಣ್ಣಿಗೆ ದುರ್ಬೀನು.

ರೆಕ್ಕೆ ತುಂಬಿದ್ದ ಚೀಲ ತೆರೆದುಕೊಂಡಿತು. ನಡುವಿನ ಕೊಳವೆ ಸೆಟೆದು ನಿಂತಿತು. ಎಡಗಡೆಯದೂ ನಿಂತಿತು. ಬಲಗಡೆಯದು ಮುರಿದ ಮೊಣಕೈಯಂತೆ ಮಡಿಚಿಕೊಂಡು ಪಟಪಟ ಬಡಿಯತೊಡಗಿತು. ಡಬ್ಬಿ ಒಂದೇ ಸಮನೆ ಗಿರಗಿರ ತಿರುಗುತ್ತ ಕೆಳಗೆ ಬರುತ್ತಿತ್ತು.

"ಬರ್ತಿದೆ, ಇನ್ನೊಂಚೂರು," ಎಂದ ಕ್ಲೀಟ್ ರೇಡಿಯೊದಲ್ಲಿ. ಹದಿನೈದು ಸಾವಿರ. ಹನ್ನೆರಡು.

"ಹಾರು ಅನ್ನಿ ಸಾರ್," ಎಂದ ಡೆಲ್ಬರ್ಟ್. ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

"ಒಂದು ನಿಮಿಷ ತಡಿಯಪ್ಪ."

"ನಿಮಿಷ ಎಲ್ಲಿದೆ ಸಾರ್?"

ಹತ್ತು ಸಾವಿರ. ಪಾಮರಾಯ್ ಕೊನೆಗೂ ಬಾಯಿಬಿಟ್ಟರು. "ಕ್ಲೀಟ್, ಹಾರಪ್ಪ."

"ಹಾರಲ್ಲ. ವರ್ನಾ ಮಡಿಚಿರೋದು, ಬಿಚ್ಕೊಳ್ಳುತ್ತೆ."

ಎಂಟು ಸಾವಿರ. ಈ ಕತ್ತೆ ನನ್ನನ್ನು ನಂಬಿಕೊಂಡೇ ಸಾಯುತ್ತದೆ ಎಂದು ಹೊಳೆಯಿತು. ಪಾಮರಾಯ್ ಕೈಯಿಂದ ಮೈಕು ಕಿತ್ತುಕೊಂಡೆ.

"ಕ್ಲೀಟ್, ನಾನು ವರ್ನಾ. ತಪ್ಪು ನಂದು. ಬಲಗಡೆ ಕೊಳವೆ ತಿರುಚಿ ಮಡಿಚಿಬಿಟ್ಟಿದೀನಿ. ಅದು ಬಿಚ್ಕೊಳ್ಳಲ್ಲ ಕಣೋ. ಹಾರು."

ಗರಗರ ಸದ್ದಿನ ನಡುವೆ ಒಂದು ಬೈಗುಳ ಬಂತು. ಅದರ ಬೆನ್ನಿಗೇ ಡಬ್ಬಿಯಿಂದ ಬೆಂಕಿ ಚಿಮ್ಮಿತು, ಸೀಟು ಸಿಡಿಯಿತು, ಡೆಲ್ಬರ್ಟ್‌ನ ಬಿಳಿ ಪ್ಯಾರಾಚೂಟ್ ಬಿಚ್ಚಿಕೊಂಡಿತು. ಡೆಲ್ಬರ್ಟ್ ನೆಲದ ಮೇಲೆ ಕುಕ್ಕರಿಸಿ ಕುಳಿತುಬಿಟ್ಟ.

ಆಗ ರೆಕ್ಕೆ ಬಿಚ್ಚಿಕೊಂಡಿತು.

ಮಡಿಚಿಕೊಂಡಿದ್ದ ಕೊಳವೆ ಠಪ್ಪೆಂದು ನೆಟ್ಟಗಾಯಿತು. ಡಬ್ಬಿ ತಿರುಗುವುದನ್ನು ನಿಲ್ಲಿಸಿತು. ಒಳಗೆ ಯಾರೂ ಇಲ್ಲದೆ, ಯಾರ ಅಪ್ಪಣೆಗೂ ಕಾಯದೆ, ಅದು ಕೆರೆಯ ಮೇಲೆ ಒಂದು ದೊಡ್ಡ ಸುತ್ತು ಹಾಕಿತು. ಗಾಳಿಗೆ ಎದುರಾಯಿತು. ಧೂಳೆಬ್ಬಿಸುತ್ತ ಇಳಿದು, ಜಾರಿ, ನಮ್ಮ ಟ್ರಕ್ಕಿನಿಂದ ಐವತ್ತು ಮಾರು ದೂರದಲ್ಲಿ ನಿಂತಿತು. ಅಷ್ಟು ಚೆಂದದ ಇಳಿತವನ್ನು ನಾನು ಮತ್ತೆಂದೂ ನೋಡಿಲ್ಲ. ಪಾಮರಾಯ್ ಇಂಗು ತಿಂದ ಮಂಗನಂತೆ ನಿಂತಿದ್ದರು. ನಾನು ಗಟ್ಟಿಯಾಗಿ ಅತ್ತೆ, ಯಾರು ನೋಡಿದರೇನು.

ಜೀಪಿನಲ್ಲಿ ಬಂದ ಕ್ಲೀಟ್ ಕುಂಟುತ್ತ ನೇರ ನನ್ನ ಹತ್ತಿರ ಬಂದ. ಮೊಣಕಾಲು ಊದಿಕೊಂಡಿತ್ತು.

"ತಿರುಚಿದ್ಯಾ?"

"ಇಲ್ಲ. ಸರಿಯಾಗೇ ಮಡಿಚಿದ್ದೆ."

"ಮತ್ತೆ ಯಾಕೆ ಹಾಗಂದೆ?"

"ಇಲ್ಲಾಂದ್ರೆ ನೀನು ಹಾರ್ತಿದ್ಯಾ?"

ಅವನು ರೆಕ್ಕೆಯ ಕಡೆ ನೋಡಿದ. "ಇನ್ನು ಹತ್ತು ಸೆಕೆಂಡು ಕೂತಿದ್ರೆ..." ಎಂದ.

"ಸೀಟಿನ ಏಟಿಗೆ ಬಿಚ್ಕೊಂಡಿದ್ದು ಕಣೋ ಅದು," ಎಂದ ಡೆಲ್ಬರ್ಟ್. "ನೀನು ಕೂತಿದ್ರೆ ನಿನ್ನನ್ನ ಗೋರಿಕೊಂಡು ಬರಬೇಕಾಗ್ತಿತ್ತು." ನಿಜ ಯಾವುದೋ ನನಗೆ ಇವತ್ತಿಗೂ ಗೊತ್ತಿಲ್ಲ. ಸಂಜೆ ಡೆಲ್ಬರ್ಟ್ ನಾಲ್ಕನೆಯ ಬಾಟಲಿಯನ್ನು ನಾಚಿಕೆಯಿಲ್ಲದೆ ಇಸಿದುಕೊಂಡ. ಪದ್ಧತಿ ಎಂದರೆ ಪದ್ಧತಿ.

ಶನಿವಾರ ಪಾಮರಾಯ್ ನನ್ನನ್ನು ಕರೆದು ನೆಲ ನೋಡುತ್ತ ಮಾತಾಡಿದರು. "ಆ ಸಾಲು ತೆಗೆಯೋಣ ಅಂತಿದ್ದೆ. ಆದ್ರೆ ಟೇಪಲ್ಲಿ ನೀನೇ ಹೇಳಿದೀಯಲ್ಲಮ್ಮ. ಟೇಪು ಮೇಲಿನವರಿಗೆ ಹೋಗುತ್ತೆ."

ಪಕ್ಕದಲ್ಲೇ ಇದ್ದ ಕ್ಲೀಟ್ ಮೇಜು ಗುದ್ದಿದ. "ಅವಳು ಹೇಳಿದ್ದು ಸುಳ್ಳು ಅಂತ ನಾನು ಬರ್ದುಕೊಡ್ತೀನಿ. ಸಹಿ ಹಾಕ್ತೀನಿ."

"ಬೇಡ," ಎಂದೆ.

"ಯಾಕೆ ಬೇಡ? ನಿನ್ ಹೆಸರು ಹೋಗುತ್ತೆ."

"ಹೋಗ್ಲಿ. ಕೆಳಗಿನವರು ರೇಡಿಯೊದಲ್ಲಿ ಸುಳ್ಳು ಹೇಳ್ತಾರೆ ಅಂತ ನೀನು ಬರ್ದುಕೊಟ್ರೆ, ನಾಳೆ ಇನ್ಯಾವನೋ ನಿನ್ನಂಥ ಕತ್ತೆ ಆಕಾಶದಲ್ಲಿ ಕೂತ್ಕೊಂಡು, ಕೆಳಗಿಂದ ಹಾರು ಅಂದ್ರೆ, ಇದೂ ಸುಳ್ಳೇ ಇರಬೇಕು ಅಂತ ಕೂತೇ ಬಿಡ್ತಾನೆ."

ಪಾಮರಾಯ್ ವರದಿಯನ್ನು ಹಾಗೇ ಕಳಿಸಿದರು. ಅದಾದ ಮೇಲೆ ಯಾರೂ ನನಗೆ ಮಡಿಚಲು ಏನನ್ನೂ ಕೊಡಲಿಲ್ಲ. ಲ್ಯಾಂಕಾಸ್ಟರ್ ಪಟ್ಟಣದಲ್ಲಿ ಲಾರಿಗಳ ಟಾರ್ಪಾಲು ಹೊಲಿಯುವ ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷ ದುಡಿದೆ. ಆ ವರದಿ ಈಗಲೂ ಯಾವುದೋ ಕಪಾಟಿನಲ್ಲಿದೆಯಂತೆ. 'ಮಡಿಕೆಯ ದೋಷ, ಮಡಿಚಿದವಳೇ ಒಪ್ಪಿಕೊಂಡಂತೆ' ಎಂಬ ಸಾಲೂ ಇದೆಯಂತೆ. ನೆನೆದರೆ ಹೊಟ್ಟೆ ಉರಿಯುತ್ತದೆ, ಉರಿಯುವುದಿಲ್ಲ ಎಂದರೆ ನಂಬಬೇಡಿ. ಕ್ಲೀಟ್‌ಗೆ ಈಗ ಎಪ್ಪತ್ತೊಂದು. ಭಾನುವಾರ ಬಂದು ನನ್ನ ಜಗಲಿಯ ಮೇಲೆ ಕೂರುತ್ತಾನೆ, ನಿನ್ನಿಂದಾಗಿ ಮೊಣಕಾಲು ಹಾಳಾಯಿತು ಎಂದು ಇಡೀ ಮಧ್ಯಾಹ್ನ ಗೊಣಗುತ್ತಾನೆ. ಗೊಣಗಲಿ.